ಫಂಕ್ಷನ್ ಎಂಬ ಶಬ್ದ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡುವಂತೆ ಸಂಪಾದಕ ಮಿತ್ರರು ಆದೇಶಿಸಿದ್ದಾರೆ. ಪೂಜ್ಯ ಗುರುಗಳನ್ನೂ ಸಹಪಾಠಿಗಳನ್ನೂ ನೆನೆದು ಬರೆಯುವವರು ಅನೇಕರಿದ್ದಾರೆ. ನನಗಿಂತ ಚೆನ್ನಾಗಿಯೇ ಬರೆಯುತ್ತಾರೆ. ಆದ್ದರಿಂದ ನಾನು ಒಂದು ಶಬ್ದವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಲು ಬಯಸುತ್ತೇನೆ. ಆಮಂತ್ರಣ ಪತ್ರಿಕೆಯಲ್ಲಿ ಸುವರ್ಣ ಮಹೋತ್ಸವವೆಂದು ದಪ್ಪ ಅಕ್ಷರಗಳಲ್ಲಿ ಅಚ್ಚಾದರೂ ಬೆಳುಗುಪ್ಪದ ಬಸ್ ನಿಲ್ದಾಣದಲ್ಲಿಯಾಗಲಿ, ರಾಯದುರ್ಗದ ಅಂಗಡಿ ಬೀದಿಯಲ್ಲಿಯಾಗಲಿ ಜನ ಪರಸ್ಪರ ಕೇಳುವುದು ‘ಸ್ಕೂಲ್ ಫಂಕ್ಷನ್ ಯಾವತ್ತು?’ ಎಂದೇ.

ಈ ‘ಫಂಕ್ಷನ್’ ನಮ್ಮ ಸೀಮೆಯಲ್ಲಿ ಎಷ್ಟನ್ನು ನುಂಗಿದೆಯೆಂಬುದನ್ನು ಗಮನಿಸಿ. ನಾಮಕರಣ, ಕಿವಿ ಚುಚ್ಚುವುದು, ನಿಶ್ಚಿತಾರ್ಥ, ಸೀಮಂತ, ಗೃಹಪ್ರವೇಶ, ಷಷ್ಟ್ಯಬ್ದಿ ಎಲ್ಲವೂ ಫಂಕ್ಷನ್ನುಗಳೇ. ಹೆಣ್ಣುಮಗಳು ಮೈನೆರೆದಾಗ ಸೋಬಾನೆ ಹಾಡಿ, ಆರತಿಯೆತ್ತಿ ನಡೆಸುತ್ತಿದ್ದ ಶಾಸ್ತ್ರವು ಈಗ ‘ಹಾಫ್ ಸ್ಯಾರಿ ಫಂಕ್ಷನ್’ ಆಗಿದೆ. ಬಳ್ಳಾರಿ, ಚಿತ್ರದುರ್ಗಗಳ ಕಡೆಯ ಬೀಗರಿಂದ ಬರುವ ಲಗ್ನಪತ್ರಿಕೆಗಳಲ್ಲಿ ‘ಕಲ್ಯಾಣ ಮಂಟಪ’ವೋ ‘ಸಮುದಾಯ ಭವನ’ವೋ ಇರುತ್ತದೆ. ಅನಂತಪುರದ ಕಡೆಯಿಂದ ಬಂದ ಪತ್ರಿಕೆಯಾದರೆ ‘ಫಂಕ್ಷನ್ ಹಾಲ್’ ಕಾಣುವ ಸಂಭವವೇ ಹೆಚ್ಚು. ವಿಳಾಸವನ್ನು ಓದದೆಯೇ, ಮದುವೆ ಗಡಿಯ ಯಾವ ಮಗ್ಗುಲಲ್ಲಿ ನಡೆಯುವುದೆಂದು ಅನೇಕ ವೇಳೆ ಹೇಳಿಬಿಡಬಹುದು.

ಇದು ಕೇವಲ ಇಂಗ್ಲಿಷಿನ ವ್ಯಾಮೋಹವೆಂದು ನಾನು ಭಾವಿಸುವುದಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳ ಪೈಕಿ ಏಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲಿಯೇ ಇದ್ದು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ರೇಖೆಗಳು ಹೀಗೆ ಸರಿದಾಡಿದರೂ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಅತ್ತೆ ಕನ್ನಡದವಳು, ಸೊಸೆ ತೆಲುಗಿನವಳು. ಸಂತೆಯಲ್ಲಿ ತೆಲುಗು, ದೇವರ ಮನೆಯಲ್ಲಿ ಕನ್ನಡ. ಅಂಥ ಮನೆಗಳಲ್ಲಿ ‘ವೇಡುಕ’ ಎಂದರೆ ಒಬ್ಬರಿಗೆ ಪರಕೀಯ, ‘ಸಮಾರಂಭ’ ಎಂದರೆ ಇನ್ನೊಬ್ಬರಿಗೆ ಪುಸ್ತಕದ ಮಾತು. ಇಬ್ಬರದೂ ಅಲ್ಲದ ‘ಫಂಕ್ಷನ್’ ಇಬ್ಬರಿಗೂ ಒಪ್ಪಿಗೆಯಾಯಿತು. ನೆಂಟರ ನಡುವೆ ಮುನಿಸು ಬಾರದಂತೆ ನೋಡಿಕೊಂಡ ಶಬ್ದವನ್ನು ಹಳಿಯಲು ನನಗೆ ಮನಸ್ಸಾಗದು.

ಆದರೆ ಆ ಶಬ್ದದ ಹುಟ್ಟನ್ನು ಅರಸಿ ಹೊರಟರೆ ಸೋಜಿಗವಾಗುತ್ತದೆ. ಅದರ ಮೂಲದಲ್ಲಿರುವ ಲ್ಯಾಟಿನ್ ಧಾತುವಿಗೆ ನೆರವೇರಿಸು, ಹೊತ್ತ ಹೊಣೆಯನ್ನು ಸಲ್ಲಿಸು ಎಂಬ ಅರ್ಥ. ಅಧಿಕಾರಿಯ ಕರ್ತವ್ಯ, ಅಂಗಾಂಗಗಳ ಕೆಲಸ, ರೋಮನ್ ಕ್ಯಾಥೊಲಿಕ್ ಚರ್ಚಿನ ಪೂಜಾವಿಧಿ ಇವೆಲ್ಲಕ್ಕೂ ಅದು ಸಂದು, ಕಡೆಗೆ ಸಾರ್ವಜನಿಕ ಸಮಾರಂಭಕ್ಕೂ ಸಂದಿತು. ತನ್ನ ಪಾಲಿನ ಕೆಲಸ ಮುಗಿಸಿದ, ಅಂದರೆ ಗತಿಸಿದ, ಎಂಬರ್ಥದ ‘ಡಿಫಂಕ್ಟ್’ ಶಬ್ದವೂ ಅದೇ ಬೇರಿನದು.

ಇಷ್ಟೆಲ್ಲ ತಿಳಿದ ಮೇಲೆ ನನಗೆ ನೆನಪಾದದ್ದು ನಮ್ಮ ಅಜ್ಜಿಯಂದಿರ ಬಾಯಲ್ಲಿದ್ದ ‘ಕಾರ್ಯ’. ‘ಅವರ ಮನೆಯಲ್ಲಿ ಕಾರ್ಯವಿದೆ’ ಎಂದರೆ ಮುಗಿಯಿತು. ಮದುವೆಯೋ ಮುಂಜಿಯೋ ಎಂದು ಬಿಡಿಸಿ ಹೇಳಬೇಕಿರಲಿಲ್ಲ. ದೇವರ ಕಾರ್ಯ, ಶುಭಕಾರ್ಯ, ಹನ್ನೊಂದನೆಯ ದಿನದ ಕಾರ್ಯ ಎಲ್ಲಕ್ಕೂ ಒಂದೇ ಮಾತು. ಕೆಲಸವೂ ಅದೇ, ಸಮಾರಂಭವೂ ಅದೇ, ಲ್ಯಾಟಿನ್ನಿನಲ್ಲಿದ್ದಂತೆಯೇ. ಅಷ್ಟೇ ಅಲ್ಲ, ತೆಲುಗಿನವರಿಗೂ ‘ಶುಭಕಾರ್ಯಂ’ ಮನೆಮಾತೇ. ಎರಡು ಭಾಷೆಯವರೂ ಒಟ್ಟಿಗೆ ಕೂರಬಹುದಾದ ಜಗುಲಿ ಮನೆಯ ಮುಂದೆಯೇ ಇರುವಾಗ ಬಾಡಿಗೆಯ ಜಾಗಕ್ಕೆ ಹೋದೆವು. ಒಂದು ವ್ಯತ್ಯಾಸ ಮಾತ್ರ ಉಂಟು: ಸಾವಿನ ಮನೆಯ ವಿಧಿಯನ್ನು ಫಂಕ್ಷನ್ ಎನ್ನಲು ಇಂದಿಗೂ ನಮ್ಮವರ ನಾಲಿಗೆ ಏಳುವುದಿಲ್ಲ. ‘ಕಾರ್ಯ’ವು ಸುಖದುಃಖಗಳೆರಡಕ್ಕೂ ಹೆಗಲು ಕೊಡುತ್ತಿತ್ತು. ಫಂಕ್ಷನ್ ಊಟದ ಮನೆಗೆ ಮಾತ್ರ ಬರುವ ನೆಂಟ.

‘ಸಮಾರಂಭ’ದ ಕಥೆಯೂ ಸ್ವಾರಸ್ಯವಾದುದೇ. ಸಂಸ್ಕೃತದಲ್ಲಿ ಅದಕ್ಕೆ ಆರಂಭ, ಕೈಗೊಂಡ ಉದ್ಯಮ ಎಂಬ ಅರ್ಥ. ನಾವೋ ‘ಬೀಳ್ಕೊಡುಗೆ ಸಮಾರಂಭ’, ‘ಸಮಾರೋಪ ಸಮಾರಂಭ’ ಎಂದು ನಿರಾತಂಕವಾಗಿ ಅಚ್ಚು ಹಾಕಿಸುತ್ತೇವೆ. ಮುಕ್ತಾಯದ ಆರಂಭವೆಂದು ವೈಯಾಕರಣಿಗಳು ನಗಬಹುದು, ನಗಲಿ. ಬಳಕೆಯಲ್ಲಿ ಸವೆದ ಶಬ್ದವು ಹುಟ್ಟಿದ ದಿನದ ಅರ್ಥವನ್ನೇ ಹೊತ್ತು ತಿರುಗಬೇಕೆಂಬ ನಿಯಮವಿಲ್ಲ.

ನನಗೆ ನಿಜವಾಗಿ ಚಿಂತೆಯಾಗುವುದು ಫಂಕ್ಷನ್ನಿನ ಇನ್ನೊಂದು ಅರ್ಥದಿಂದ. ಗಣಿತದಲ್ಲಿಯೂ ಫಂಕ್ಷನ್ ಉಂಟಲ್ಲವೆ? ಕನ್ನಡ ಪುಸ್ತಕಗಳಲ್ಲಿ ಅದನ್ನು ‘ಉತ್ಪನ್ನ’ ಎಂದೂ ‘ಫಲನ’ ಎಂದೂ ಕರೆಯುತ್ತಾರೆ. ತೆಲುಗಿನಲ್ಲಿ ಅದು ‘ಪ್ರಮೇಯಂ’. ನಮ್ಮ ಮಕ್ಕಳಿಗೆ ಪ್ರಮೇಯವೆಂದರೆ ಪೈಥಾಗೊರಸನ ಪ್ರಮೇಯ; ಅದನ್ನು ತೆಲುಗಿನವರು ‘ಸಿದ್ಧಾಂತಂ’ ಎನ್ನುತ್ತಾರೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿ ತೆಲುಗು ಮಾಧ್ಯಮದ ಇಂಟರ್‌ಮೀಡಿಯೆಟ್ ತರಗತಿಯಲ್ಲಿ ಕುಳಿತಾಗ, ಅಧ್ಯಾಪಕರು ‘ಪ್ರಮೇಯಾಲು’ ಎಂದು ಕಪ್ಪು ಹಲಗೆಯ ಮೇಲೆ ಬರೆದರೆ ಅವಳು ಸಾಧನೆಗಾಗಿ ತ್ರಿಭುಜವನ್ನು ನಿರೀಕ್ಷಿಸುತ್ತಾಳೆ. ಗಣಿತ ಬಾರದೆ ಅಲ್ಲ, ಬಂದ ಶಬ್ದವೇ ಅಡ್ಡ ನಿಂತು ಅವಳು ಹಿಂದೆ ಬೀಳುತ್ತಾಳೆ. ಇಂಥ ಒಂದೆರಡು ತೊಡಕುಗಳು ಸಾಕು, ‘ಕನ್ನಡ ಶಾಲೆಗೆ ಹಾಕಿದ್ದೇ ತಪ್ಪಾಯಿತು’ ಎಂದು ತಂದೆತಾಯಿಗಳು ಅಂದುಕೊಂಡು ತಂಗಿಯನ್ನು ಬೇರೆ ಶಾಲೆಗೆ ಸೇರಿಸಲು.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಆ ಹಂತವನ್ನು ದಾಟಿದ ಮಗುವಿನ ಕೈ ಹಿಡಿಯುವುದು ನಮ್ಮ ನಿಮ್ಮ ಪಾಲಿಗೆ ಉಳಿದ ಕೆಲಸ. ಆದಕಾರಣ ಮಹೋತ್ಸವ ಸಮಿತಿಯಲ್ಲಿ ನನ್ನದೊಂದು ವಿನಂತಿಯಿದೆ. ವೇದಿಕೆ, ಶಾಲು, ಹಾರತುರಾಯಿಗಳ ಖರ್ಚಿನಲ್ಲಿ ಕೊಂಚ ಉಳಿಸಿ, ಗಣಿತ ಮತ್ತು ವಿಜ್ಞಾನದ ಶಬ್ದಗಳನ್ನು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲಿಯೂ ಎದುರುಬದುರಾಗಿ ಕೊಡುವ ಪುಟ್ಟ ಪುಸ್ತಕವೊಂದನ್ನು ಅಚ್ಚು ಹಾಕಿಸಿ, ಹತ್ತನೆಯ ತರಗತಿ ಮುಗಿಸುವ ಪ್ರತಿಯೊಬ್ಬರ ಕೈಗೂ ಕೊಡಬೇಕು. ಮೂವತ್ತೆರಡು ಪುಟಗಳಾದರೆ ಸಾಕು. ಕನ್ನಡ ಮತ್ತು ತೆಲುಗು ಮಾಧ್ಯಮಗಳೆರಡರಲ್ಲಿಯೂ ಪಾಠ ಹೇಳಿ ನಿವೃತ್ತರಾದ ಗಣಿತದ ಅಧ್ಯಾಪಕರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೇ ಇದ್ದಾರೆ, ಕೇಳಿದರೆ ಇಲ್ಲವೆನ್ನಲಾರರು. ಮೊದಲ ಪುಟದಲ್ಲಿ ಯಾವ ಶಬ್ದವಿರಬೇಕೆಂದು ಬೇರೆ ಹೇಳಬೇಕಿಲ್ಲ.