ಬೊಮ್ಮಸಂದ್ರಕ್ಕೆ ಬಂದ ತವರುಮನೆ

ನೆಂಟರ ಮನೆಗೆ ನಾವು ಹೋಗುವುದುಂಟು. ನಮ್ಮ ಮನೆಗೆ ನೆಂಟರು ಬರುವುದೂ ಉಂಟು. ಆದರೆ ನೆಂಟರು ತಮ್ಮ ಮನೆಯನ್ನೇ ಜೊತೆಗೆ ತಂದುಬಿಟ್ಟರೆ ಗತಿಯೇನು? 2025ರ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಇಂಥದೊಂದು ಪೇಚು ನಮಗೆ ಒದಗಿತು.

ನಾವಿರುವುದು ಆನೇಕಲ್ಲು ತಾಲ್ಲೂಕಿನ ಬೊಮ್ಮಸಂದ್ರದಲ್ಲಿ, ಹೊಸೂರು ರಸ್ತೆಯ ಮಗ್ಗುಲಿಗೆ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆದು ಸಂತೋಷಪಡುವುದು ನಮ್ಮ ಹಿರಿಯರ ರೂಢಿ. ಬ್ರಹ್ಮನು ಬೊಮ್ಮನಾದ, ಸಮುದ್ರವು ಸಂದ್ರವಾಯಿತು. ಕನ್ನಡ ಮೇಷ್ಟರಾದ ನನಗೆ ಈ ಹೆಸರಿನ ಮೇಲೆ ಬಲು ಅಭಿಮಾನ; ಆದರೆ ನಮ್ಮ ಬೀದಿಗೆ ನೀರು ಬರುವುದು ಟ್ಯಾಂಕರಿನಲ್ಲಿ! ಸುತ್ತಲೂ ಕಾರ್ಖಾನೆಗಳು, ನಾರಾಯಣ ಹೃದಯಾಲಯದ ಆಸ್ಪತ್ರೆ, ಪಾಳಿಯ ಕೆಲಸಗಾರರು ಬಾಡಿಗೆಗಿರುವ ಕೋಣೆಗಳ ಸಾಲು. ಕಾಲೇಜಿನಿಂದ ಬಸ್ಸಿನಲ್ಲಿ ನೇತಾಡಿಕೊಂಡು ಕತ್ತಲಾದ ಮೇಲೆ ಮನೆ ಸೇರುತ್ತಿದ್ದವನು ನಾನು. ಆಗಸ್ಟ್ 11ರಿಂದ ಮೆಟ್ರೋದ ಹಳದಿ ಮಾರ್ಗ ತೆರೆಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 16 ನಿಲ್ದಾಣ, 19 ಕಿಲೋಮೀಟರು. ಈಗ ಬೆಳಕಿರುವಾಗಲೇ ಮನೆ ಸೇರುತ್ತೇನೆ.

ಅಂದು ಹಾಗೆ ಬಂದಾಗ ಪಕ್ಕದ ಖಾಲಿ ನಿವೇಶನದಲ್ಲಿ ಬಿಳಿಯ ವ್ಯಾನೊಂದು ನಿಂತಿತ್ತು. ಅದರ ಬಾಗಿಲಲ್ಲಿ ಪಂಚೆಯುಟ್ಟು ನಿಂತವರು ನನ್ನ ಸೋದರಮಾವ.

ಮಾವ ಬ್ಯಾಂಕಿನಿಂದ ನಿವೃತ್ತರು. ಅರಕಲಗೂಡಿನ ಕಡೆಯ ಹಳ್ಳಿಯಲ್ಲಿದ್ದ ಹಳೆಯ ತೊಟ್ಟಿಮನೆಯನ್ನು ಮೂರು ವರ್ಷದ ಕೆಳಗೆ ಮಾರಿದ್ದರು. ಹೆಂಚು ಜಾರಿತ್ತು, ವಾಸಕ್ಕೆ ಯಾರೂ ಇರಲಿಲ್ಲ. ಮಾರಿದ್ದು ತಪ್ಪೆಂದು ಯಾರೂ ಹೇಳರು. ಅಮ್ಮನೂ ಸಹಿ ಹಾಕಿದ್ದಳು. ಆದರೆ ಅಲ್ಲಿಂದೀಚೆಗೆ ತಮ್ಮನ ಮಾತು ಬಂದಾಗಲೆಲ್ಲ ಆಕೆಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು.

ಈ ವ್ಯಾನನ್ನು ಮಾವ ಹಳೆಯದಾಗಿ ಕೊಂಡು ಮನೆಯಾಗಿ ಮಾರ್ಪಡಿಸಿದ್ದರು. ಹಗಲು ಕೂರುವುದಕ್ಕೂ ರಾತ್ರಿ ಮಲಗುವುದಕ್ಕೂ ಒಂದೇ ಹಲಗೆ. ಪುಟ್ಟ ಗ್ಯಾಸ್ ಒಲೆ. ಮೇಲ್ಚಾವಣಿಯ ಸೌರಫಲಕದಿಂದ ಬ್ಯಾಟರಿ, ಬ್ಯಾಟರಿಯಿಂದ ದೀಪ, ಫ್ಯಾನು. ತೊಟ್ಟಿಯಲ್ಲಿ ನೂರು ಲೀಟರು ನೀರು. ಅಮೆರಿಕೆಯಲ್ಲಿ ಇಂಥ ಗಾಡಿಗೆ ‘ಆರ್.ವಿ.’ ಎನ್ನುತ್ತಾರೆಂದು ಮಾವ ವಿವರಿಸಿದರು. ಆರ್.ವಿ. ಎಂದರೆ ರಾಷ್ಟ್ರೀಯ ವಿದ್ಯಾಲಯವೊಂದೇ ಎಂದು ತಿಳಿದಿದ್ದ ನಾನು ತಲೆದೂಗಿದೆ. ನೆರೆಯ ಕೇರಳ ಸರ್ಕಾರವು 2021ರಲ್ಲಿ ಪ್ರವಾಸಿಗರಿಗೆಂದು ಇಂಥ ಗಾಡಿಗಳ ಯೋಜನೆಯನ್ನೇ ಸಾರಿತು. ಮಾವ ಮಾತ್ರ ಕನ್ಯಾಕುಮಾರಿಯಲ್ಲಿ ಹೆದ್ದಾರಿ ಹಿಡಿದು, ಮಧುರೆ, ಸೇಲಂ, ಹೊಸೂರು, ಅತ್ತಿಬೆಲೆ ದಾಟಿ ನೇರ ಅಕ್ಕನ ಬಾಗಿಲಿಗೆ ಬಂದಿದ್ದರು. ಶ್ರೀನಗರದಿಂದ ಕನ್ಯಾಕುಮಾರಿಯವರೆಗಿನ 44ನೆಯ ರಾಷ್ಟ್ರೀಯ ಹೆದ್ದಾರಿಯೇ ನಮ್ಮ ಹೊಸೂರು ರಸ್ತೆಯಷ್ಟೆ.

ನನಗೆ ರಾಜಸ್ಥಾನದ ಗಾಡುಲಿಯಾ ಲೋಹಾರರ ನೆನಪಾಯಿತು. ಚಿತ್ತೋಡಗಡದ ಕೋಟೆ 1568ರಲ್ಲಿ ಅಕ್ಬರನ ವಶವಾದ ಮೇಲೆ, ಸ್ಥಿರವಾದ ಸೂರಿನಡಿ ಬಾಳುವುದಿಲ್ಲವೆಂದು ಪಣತೊಟ್ಟು ಎತ್ತಿನ ಗಾಡಿಯಲ್ಲೇ ಸಂಸಾರ ನಡೆಸಿದ ಕಮ್ಮಾರರು ತಾವೆಂದು ಅವರು ಹೇಳಿಕೊಳ್ಳುತ್ತಾರೆ. 1955ರಲ್ಲಿ ಪ್ರಧಾನಿ ನೆಹರೂ ಅವರೇ ಮುಂದೆ ನಿಂತು ಅವರನ್ನು ಕೋಟೆಯೊಳಕ್ಕೆ ಕರೆದೊಯ್ದರು. ಇದನ್ನು ಹೇಳಿದರೆ ಮಾವ ನಕ್ಕು, “ನಾನು ಪಣ ತೊಟ್ಟವನಲ್ಲಪ್ಪ, ಪಿಂಚಣಿ ಪಡೆದವನು” ಎಂದರು.

ಅಮ್ಮ ನಗಲಿಲ್ಲ.

“ರಾತ್ರಿ ಮಲಗುವುದು ಒಳಗೆ ತಾನೆ?”

“ಇಲ್ಲಕ್ಕ, ಗಾಡಿಯಲ್ಲೇ. ನಿಮಗಿರುವುದೇ ಎರಡು ಕೋಣೆ.”

“ಅಕ್ಕನ ಮನೆಯಿದ್ದೂ ಬೀದಿಯಲ್ಲಿ ಮಲಗುತ್ತೀಯಾ? ಇದ್ದ ಮನೆ ಮಾರಿದವನಿಗೆ ನಾನೇನು ಹೇಳಲಿ!”

ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಹೊರಬಿತ್ತು. ಮಾವ ಉತ್ತರ ಕೊಡದೆ ಟ್ಯಾಂಕರಿನವನ ಬಳಿ ನೀರಿನ ಲೆಕ್ಕ ಮಾತಾಡಲು ಹೋದರು. ಆಗ ಅತ್ತೆ, “ಒಳಗೆ ಬಂದು ನೋಡಿ ಅತ್ತಿಗೆ, ಆಮೇಲೆ ಬಯ್ಯಿರಿ” ಎಂದು ಅಮ್ಮನ ಕೈಹಿಡಿದು ಹತ್ತಿಸಿದರು.

ಒಲೆಯ ಮೇಲಣ ಗೂಡಿಗೆ ಎರಡು ಪುಟ್ಟ ಬಾಗಿಲು. ಗೇಣುದ್ದದ ಹಲಸಿನ ಹಲಗೆ, ಸಣ್ಣ ಹಿತ್ತಾಳೆಯ ಗಂಟೆಗಳು, ಬಲಬದಿಯಲ್ಲಿ ಕಪ್ಪಗೆ ಸುಟ್ಟ ಗುರುತು. ತೊಟ್ಟಿಮನೆಯ ದೇವರ ಗೂಡಿನ ಬಾಗಿಲುಗಳು ಅವು. ಏಳು ವರ್ಷದ ಹುಡುಗಿಯಾಗಿದ್ದಾಗ ಅಮ್ಮ ದೀಪವನ್ನು ಹತ್ತಿರ ಸರಿಸಿ ಸುಟ್ಟ ಗುರುತು. ಅದಕ್ಕಾಗಿ ಅಜ್ಜಿಯಿಂದ ತಿಂದ ಏಟಿನ ಕಥೆಯನ್ನು ನಾವೆಲ್ಲ ಕೇಳಿದವರೇ. ಅಮ್ಮ ಆ ಕಪ್ಪನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬಹಳ ಹೊತ್ತು ಇಳಿಯಲಿಲ್ಲ.

ಹಬ್ಬದ ದಿನ ಸಂಜೆ ಅಮ್ಮ ಹೊಸ ಸೀರೆಯುಟ್ಟು, ಚೀಲದಲ್ಲಿ ಬಟ್ಟೆಬರೆ ತುಂಬಿಕೊಂಡು, ಅಪ್ಪನಿಗೆ ಹೇಳಿ ತವರಿಗೆ ಹೊರಟಳು. ದೂರ ಇಪ್ಪತ್ತು ಹೆಜ್ಜೆ. “ಯಾವಾಗ ಬರುತ್ತೀ?” ಎಂದು ಅಪ್ಪ ಕೇಳಿದರೆ, “ತವರಿಗೆ ಹೋದವಳನ್ನು ಹಾಗೆ ಕೇಳುವುದಿಲ್ಲ” ಎಂದು ಉತ್ತರ ಬಂತು. ಮಾವ ಹೊರಗೆ ಮಡಚುವ ಮಂಚ ಹಾಕಿಕೊಂಡರು. ಒಳಗಿನ ಹೆಂಗಸರಿಬ್ಬರ ಮಾತು, ಹೆದ್ದಾರಿಯ ಲಾರಿಗಳ ಮೊರೆತವನ್ನೂ ಮೀರಿ ನಡುರಾತ್ರಿಯವರೆಗೆ ಕೇಳುತ್ತಿತ್ತು.

ಬೆಳಗಿನ ಜಾವ ರಾತ್ರಿಪಾಳಿ ಮುಗಿಸಿ ಬಂದ ನಾಲ್ವರು ಹುಡುಗರು ಗಾಡಿಯ ಕಿಟಕಿ ತಟ್ಟಿದರಂತೆ. ಸಂಚಾರಿ ಕ್ಯಾಂಟೀನೆಂದೇ ಅವರ ಎಣಿಕೆ. “ಇಡ್ಲಿ ಪ್ಲೇಟು ಎಷ್ಟಮ್ಮ?” ಅಮ್ಮನಿಗೆ ಮೊದಲು ಗಾಬರಿ, ಆಮೇಲೆ ತಡೆಯಲಾರದ ನಗು. “ಇದು ಹೋಟೆಲಲ್ಲಪ್ಪ, ನನ್ನ ತವರುಮನೆ” ಎಂದಳಂತೆ. ಅತ್ತೆ ನಾಲ್ಕು ಲೋಟ ಕಾಫಿ ಬೆರೆಸಿದರು. ಒಬ್ಬ ಹುಡುಗ ರಾಯಚೂರಿನವನು. ಹಬ್ಬಕ್ಕೆ ಊರಿಗೆ ಹೋಗಲು ರಜೆ ಸಿಕ್ಕಿರಲಿಲ್ಲ. ಅವನಿಗೆ ಹಿಂದಿನ ದಿನದ ಒಬ್ಬಟ್ಟೂ ಸಂದಿತು.

ಗಣೇಶನನ್ನು ನೀರಿಗೆ ಬಿಟ್ಟ ಮರುದಿನ ಮಾವ ಚಿತ್ರದುರ್ಗದತ್ತ ಹೊರಟರು. ಅತ್ತೆ ಅಮ್ಮನ ಮಡಿಲು ತುಂಬಿದರು: ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆಯ ಕಣ. ಪದ್ಧತಿಯಂತೆ ಮಡಿಲು ತುಂಬಿಸಿಕೊಂಡ ಹೆಣ್ಣು ಹೊರಡಬೇಕು, ತವರು ಬಾಗಿಲಲ್ಲಿ ನಿಂತು ನೋಡಬೇಕು. ಇಲ್ಲಿ ಅಮ್ಮ ನಿಂತಿದ್ದಳು. ತವರು ಹಿಂದಕ್ಕೆ ಸರಿದು, ತಿರುವಿನಲ್ಲಿ ಟ್ಯಾಂಕರಿಗೆ ದಾರಿ ಬಿಟ್ಟು, ರಸ್ತೆ ಸೇರಿತು.

ಸಂಜೆ ಮಾವನ ಫೋನು ಬಂತು. ಅಮ್ಮನ ಕುಂಕುಮದ ಭರಣಿ ದೇವರ ಗೂಡಿನಲ್ಲೇ ಉಳಿದಿದೆಯಂತೆ. ಅಂಚೆಯಲ್ಲಿ ಕಳಿಸಲೇ ಎಂದು ಕೇಳಿದರು.

“ಬೇಡ, ಅಲ್ಲೇ ಇರಲಿ” ಎಂದಳು ಅಮ್ಮ.