2.10 + 0.30 = 3.00

ಆನ್‌ಲೈನಲ್ಲಿ ಪಹಣಿ ನೋಡಿದವರಿಗೆಲ್ಲ ಗೊತ್ತು: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಲ್ಲ ಆರಿಸಿದ ಮೇಲೂ ‘ಸರ್ನೋಕ್’ ಅನ್ನೋ ವಿಚಿತ್ರ ಡ್ರಾಪ್‌ಡೌನ್ ಒಂದು ಬರುತ್ತೆ. ಬಹಳ ಸಲ ಅದರೊಳಗೆ ಇರೋದು ಬರೀ ಒಂದು ನಕ್ಷತ್ರ ಚಿಹ್ನೆ. ಅದನ್ನೂ ಒತ್ತಿ, ಹಿಸ್ಸಾ ನಂಬರು ಕೊಟ್ಟರೇನೇ ಮುಂದಿನ ಮಾತು. ನಮ್ಮ ವೃತ್ತಿಯವರು ಇದನ್ನ ಕಾಂಪೋಸಿಟ್ ಪ್ರೈಮರಿ ಕೀ ಅಂತಾರೆ. ಊರಲ್ಲಿ ಹೆಸರು ಗೊತ್ತಿಲ್ಲದೇನೂ ಎಲ್ಲರೂ ತುಂಬ್ತಾರೆ.

ನಮ್ಮ ಸರ್ವೀಸನ್ನ ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಸಾಗಿಸೋ ಕೆಲಸ ಬಂದಾಗ ನನಗೆ ಪದೇಪದೇ ನೆನಪಾಗ್ತಾ ಇದ್ದಿದ್ದು ಈ ಪಹಣಿಯೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಆಲೂಗಡ್ಡೆ ಬೆಳೆಗಾರರ ಬಿತ್ತನೆ-ಸಾಲದ ಲೆಕ್ಕ ಇಡೋಕೆ ಅಂತ ಸಣ್ಣದಾಗಿ ಶುರುವಾಗಿದ್ದು ಅದು. ಬೆಳೀತಾ ಬೆಳೀತಾ ಹಳೇ ಟೇಬಲ್ಲುಗಳು ಏದುಸಿರು ಬಿಡೋಕೆ ಶುರು ಮಾಡಿದ್ವು. ಹಳೇ ಡೇಟಾಬೇಸು ಬಲು ಉದಾರಿ; ‘0000-00-00’ ಅಂತ ತಾರೀಕು ಕೊಟ್ಟರೂ ನುಂಗಿಕೊಂಡು ಕೂತಿತ್ತು. ಪೋಸ್ಟ್‌ಗ್ರೆಸ್ ಕಟ್ಟುನಿಟ್ಟಿನ ಶಾನುಭೋಗ. ಇಂಥಾ ದಿನ ಕ್ಯಾಲೆಂಡರಲ್ಲೇ ಇಲ್ಲ ಅಂತ ವಾಪಸ್ ಎಸೀತು.

ಜಮೀನಿನ ವಿಸ್ತೀರ್ಣ ಹಳೇದರಲ್ಲಿ ಅಕ್ಷರವಾಗಿ ಕೂತಿತ್ತು: ‘2.10’. ಉತ್ತರ ಭಾರತದ ಸಹೋದ್ಯೋಗಿಯೊಬ್ಬ ಸಹಜವಾಗೇ, ದಶಮಾಂಶ ಸಂಖ್ಯೆ ಮಾಡಿಬಿಡೋಣ ಅಂದ. ಅದು ದಶಮಾಂಶ ಅಲ್ಲ ಮಾರಾಯ, ಎರಡು ಎಕರೆ ಹತ್ತು ಗುಂಟೆ! 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಹಾಗಾಗಿ 2.10ಕ್ಕೆ 0.30 ಸೇರಿಸಿದರೆ 3.00. ಬೋರ್ಡ್ ಮೇಲೆ ಬರೆದಾಗ ಅವನು ನನ್ನ ಮುಖ ನೋಡಿದ. ಕೊನೆಗೆ ಎಲ್ಲವನ್ನೂ ಆಣೆಗೆ ಇಳಿಸಿ ಪೂರ್ಣಾಂಕವಾಗಿ ಇಟ್ವಿ.

ಇನ್ನೊಂದು ತಮಾಷೆ. ನಾಲ್ಕು ತಾಲ್ಲೂಕಿನ ಪಟ್ಟಿ ಕೇಳಿದರೆ ಐದು ಬಂತು. ಹೊಳೆನರಸೀಪುರ ಎರಡು! ಕಣ್ಣಿಗೆ ಒಂದೇ ಥರ. ‘ಹೊ’ದ ಒತ್ವವನ್ನ ಯುನಿಕೋಡಲ್ಲಿ ಒಂದೇ ಸಂಕೇತವಾಗಿಯೂ ಬರೀಬಹುದು, ಎತ್ವ ಮತ್ತು ಊತ್ವ ಅಂತ ಎರಡು ತುಂಡಾಗಿಯೂ ಬರೀಬಹುದು. ಪೋಸ್ಟ್‌ಗ್ರೆಸ್‌ಗೆ ಅವು ಎರಡು ಬೇರೆ ಊರು. ನಾರ್ಮಲೈಸ್ ಮಾಡಿ ಒಂದಾಗಿಸಿದ್ವಿ.

ನಮ್ಮದೇನು ಮಹಾ. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಕೈಬರಹದ ಪಹಣಿ ಕಂಪ್ಯೂಟರಿಗೆ ಏರಿದ್ವು, 177 ತಾಲ್ಲೂಕಲ್ಲಿ. ಅದಕ್ಕೂ ಮುಂಚೆ, 1990ರ ದಶಕದಲ್ಲೇ ಒಂದು ಪ್ರಯತ್ನ ಆಗಿತ್ತು, ಕೈಕೊಟ್ಟಿತು. ಕಾರಣ ಕೇಳಿದರೆ ನಮ್ಮವರಿಗೆ ತಕ್ಷಣ ಅರ್ಥವಾಗುತ್ತೆ: ದಿನಾ ದಾಖಲೆ ಬದಲಾಗೋದು ತಾಲ್ಲೂಕು ಕಚೇರಿಯಲ್ಲಿ, ಅಲ್ಲಿ ಕಂಪ್ಯೂಟರೇ ಇರಲಿಲ್ಲ. ಬ್ಯಾಕ್‌ಫಿಲ್ ಆಯ್ತು, ಸಿಂಕ್ ಇಲ್ಲ. ಭೂಮಿಯಲ್ಲಿ ಮಷೀನನ್ನ ತಾಲ್ಲೂಕಿಗೇ ತಂದಿಟ್ಟರು, ಗ್ರಾಮಲೆಕ್ಕಿಗರಿಂದಲೇ ಪ್ರಿಂಟ್ ತಿದ್ದಿಸಿದರು. ಆಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಘೋಷಿಸಿದರು. ನನಗೆ ಅತ್ಯಂತ ಧೈರ್ಯದ್ದು ಅನ್ಸೋದು ಈ ಕೊನೇದೇ. ನಾವು ಇಂಜಿನಿಯರುಗಳು ಎರಡೂ ಕಡೆ ಬರೀತಾ ತಿಂಗಳುಗಟ್ಟಲೆ ಕಾಲ ತಳ್ತೀವಿ. ಆದರೆ ಬಾಗಿಲು ಮುಚ್ಚಿದ ದಿನ ಒಳಗೆ ಏನು ತಪ್ಪು ಉಳಿದಿರುತ್ತೋ ಅದೇ ಸತ್ಯ ಆಗಿಬಿಡುತ್ತೆ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಅರ್ಜಿ ಹಿಡಿದು ತಿರುಗೋನು ರೈತ. ಚೆಕ್‌ಸಮ್ ತಾಳೆಯಾದ್ರೆ ನಕಲು ಸರಿಯಿದೆ ಅಂತಷ್ಟೇ ಅರ್ಥ, ಮೂಲ ಸರಿಯಿದೆ ಅಂತಲ್ಲ.

ಹಾಗಾಗಿ ಕೊನೆಗೆ ಒಂದು ಪುಟದಷ್ಟು ಸಾಲು ಉಳಿದಾಗ ನಾನು ಹಟ ಹಿಡಿದೆ. ಹೆಸರು ಒಂದೇ, ತಂದೆ ಹೆಸರು ಒಂದೇ, ಫೋನ್ ನಂಬರೂ ಒಂದೇ. ಯೂನಿಕ್ ಕನ್‌ಸ್ಟ್ರೇಂಟ್ ಒಪ್ತಿಲ್ಲ. ಸ್ಕ್ರಿಪ್ಟ್ ಬರೆದು ಸೇರಿಸಿಬಿಡೋಣ ಅಂದ್ರು. ಬೇಡ, ಫೋನ್ ಮಾಡೋಣ ಅಂದೆ. ಮ್ಯಾನೇಜರಿಗೆ ಇಷ್ಟವಾಗಲಿಲ್ಲ, ಎರಡು ದಿನ ಕೊಟ್ಟರು.

ಅರಕಲಗೂಡು ಕಡೆಯ ಒಂದು ನಂಬರು. ರಂಗಪ್ಪ ಬಿನ್ ತಿಮ್ಮೇಗೌಡ, ಎರಡು ಸಲ. (ಹೆಸರು ಬದಲಿಸಿದ್ದೀನಿ.) ಎತ್ತಿದ್ದು ಮನೆಯ ಹೆಂಗಸು. ಇಬ್ಬರೂ ಒಬ್ಬರೇನಾ ಅಂದೆ.

“ಅಯ್ಯೋ, ಒಬ್ಬ ದೊಡ್ಡತಿಮ್ಮೇಗೌಡರ ಮಗ, ಇನ್ನೊಬ್ಬ ಸಣ್ಣತಿಮ್ಮೇಗೌಡರ ಮಗ. ಫೋನ್ ಒಂದೇ ಕಣಪ್ಪ, ಸಾಲ ಬೇರೆ ಬೇರೆ. ಸೇರಿಸಿಗೀರಿಸೀಯ!”

ದೊಡ್ಡ, ಸಣ್ಣ ಅನ್ನೋದು ಬರೆದುಕೊಂಡವರ ಕೈಯಲ್ಲಿ ಎಲ್ಲೋ ಉದುರಿಹೋಗಿತ್ತು. ಹೊಸ ಟೇಬಲ್ಲಲ್ಲಿ ಇಬ್ಬರಿಗೂ ಒಂದೊಂದು ಐಡಿ ಕೊಟ್ಟು, ಆ ಶನಿವಾರ ರಾತ್ರಿ ಹಳೇ ಸರ್ವರನ್ನ ಓದೋಕಷ್ಟೇ ಬಿಟ್ವಿ.