ಭಂಗಾರದ ಗಾಡಿ

ಎರೆಹೊಲದ ದಾರಿಯಲ್ಲಿ ಮಳೆ ಬಿದ್ದ ಮರುದಿನ ಬೈಕು ಓಡಿಸಿದವರಿಗೆ ಆ ಮಣ್ಣಿನ ಗುಣ ಗೊತ್ತು. ಅದು ಗಾಲಿಗೆ ಅಂಟಿ, ಗಾಲಿಯೊಡನೆ ತಿರುಗಿ, ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಕೊನೆಗೆ ಎಂಜಿನ್ ಓಡುತ್ತಿದ್ದರೂ ಮುಂದಿನ ಗಾಲಿ ತಿರುಗುವುದಿಲ್ಲ. ಸವಾರನು ಕೆಳಗಿಳಿದು ಜಾಲಿಯ ಕಡ್ಡಿಯಿಂದ ಮಣ್ಣನ್ನು ಕೆದರಿ ತೆಗೆಯಬೇಕು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಅದೇ ಕೆಲಸ. ಜತ್ತ ತಾಲೂಕಿನ ಪೂರ್ವದಂಚಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯೊಂದರ ಮಾಸ್ತರರು 2010ರಲ್ಲಿ ಬೇರೆ ಬಗೆಯ ಗಾಡಿಯನ್ನು ಹುಡುಕಲು ಹೊರಟದ್ದಕ್ಕೆ ಕಾರಣ ಇಷ್ಟೇ. ಅಪರೂಪದ ವಸ್ತುಗಳನ್ನು ಕೂಡಿಡುವ ಹವ್ಯಾಸ ಅವರಿಗೆ ಎಂದೂ ಇರಲಿಲ್ಲ.

ಅವರಿಗೆ ಸಿಕ್ಕಿದ್ದು ಬಜಾಜ್ ಎಸ್‌ಎಕ್ಸ್ ಎಂಡ್ಯೂರೊ. ಹೆಸರು ಕೇಳಿದವರು ಕಡಿಮೆ, ಕಂಡವರು ಇನ್ನೂ ಕಡಿಮೆ. 90ರ ದಶಕದಲ್ಲಿ ಪುಣೆಯ ಬಜಾಜ್ ಕಂಪನಿಯು ಜಪಾನಿನ ಕಾವಾಸಾಕಿಯ ಸಹಯೋಗದಲ್ಲಿ ಹೊರತಂದ 100 ಸಿಸಿಯ ಬೈಕು ಅದು. ಡಾಂಬರಿನ ಮೇಲೂ ಹೊಲದ ದಾರಿಯಲ್ಲೂ ಓಡಬಲ್ಲ ಇಂತಹ ಬೈಕುಗಳನ್ನು ಡ್ಯುಯಲ್ ಸ್ಪೋರ್ಟ್ ಎನ್ನುತ್ತಾರೆ. ಯಮಾಹಾ ಕಂಪನಿಯು 1968ರಲ್ಲಿ ಮಾರಾಟಕ್ಕೆ ತಂದ 246 ಸಿಸಿಯ ಡಿಟಿ-1 ಈ ಜಾತಿಗೆ ಜಗತ್ತಿನಲ್ಲಿ ಹೆಸರು ತಂದುಕೊಟ್ಟಿತು. 1972ರಲ್ಲಿ ಹೊಂಡಾದ ಎಕ್ಸ್‌ಎಲ್ 250 ಅದನ್ನು ಹಿಂಬಾಲಿಸಿತು. ಭಾರತದಲ್ಲಿ ಆ ಬಗೆಯ ಗಾಡಿ ತಯಾರಾಗುವ ಹೊತ್ತಿಗೆ ಕಾಲು ಶತಮಾನ ಕಳೆದಿತ್ತು. ಬಂದರೂ ನಿಲ್ಲಲಿಲ್ಲ. ಆಗಿನ ಗಿರಾಕಿಗಳು ಕೇಳುತ್ತಿದ್ದ ಪ್ರಶ್ನೆ ಒಂದೇ, ಲೀಟರಿಗೆ ಎಷ್ಟು ಕಿಲೋಮೀಟರು? 1994ರಲ್ಲಿ ಬಂದ ಹೀರೊ ಹೊಂಡಾ ಸ್ಪ್ಲೆಂಡರ್ ಅದಕ್ಕೆ ಉತ್ತರ ಕೊಟ್ಟಾಗಿತ್ತು. ಡಾಂಬರು ಕಾಣದ ಹಳ್ಳಿಗಳೇ ತುಂಬಿದ್ದ ನಾಡಿನಲ್ಲಿ ಇಂತಹ ಗಾಡಿ ಬಿಕರಿಯಾಗದೆ ಹೋದದ್ದು ಸೋಜಿಗವೇ. ಆದರೆ ಹಳ್ಳಿಯ ಗಿರಾಕಿ ಹೆಂಡತಿ, ಹಾಲಿನ ಕ್ಯಾನು, ಮೇವಿನ ಹೊರೆ ಎಲ್ಲವನ್ನೂ ಲೆಕ್ಕಹಾಕಿ ಬೈಕು ಕೊಳ್ಳುವವನು. ಎತ್ತರದ ಸೀಟು ಬಹುಶಃ ಅವನಿಗೆ ಒಗ್ಗಲಿಲ್ಲ.

ಮಾಸ್ತರರಿಗೆ ಬೇಕಾದದ್ದು ಆ ಗಾಡಿಯ ಒಂದೇ ಒಂದು ಅಂಗ: ಮುಂದಿನ ಮಡ್‌ಗಾರ್ಡು. ಅದು ಗಾಲಿಯನ್ನು ತಬ್ಬಿಕೊಂಡಿರದೆ ಮೇಲೆ ಕೊಕ್ಕಿನಂತೆ ಚಾಚಿಕೊಂಡಿತ್ತು. ಮಣ್ಣು ಹಿಡಿದರೂ ಉದುರಿ ಬೀಳಲು ನಡುವೆ ಜಾಗವಿತ್ತು.

ಗಾಡಿಯು ಸೊಲ್ಲಾಪುರ ಜಿಲ್ಲೆಯ ಒಂದು ದ್ರಾಕ್ಷಿ ತೋಟದ ಶೆಡ್ಡಿನಲ್ಲಿ, ಔಷಧ ಹೊಡೆಯುವ ಪಂಪಿನ ಹಿಂದೆ ಒರಗಿ ನಿಂತಿತ್ತು. ಯಜಮಾನರು ತೀರಿಕೊಂಡು ಮೂರು ವರ್ಷಗಳಾಗಿದ್ದವು. ಅವರ ಪತ್ನಿ ಮುಚ್ಚುಮರೆಯಿಲ್ಲದೆ ಹೇಳಿದರು: “ಭಂಗಾರದಾವ ಒಂಬೈನೂರ ಕೊಡ್ತೀನಂದಾನ್ರಿ ಮಾಸ್ತರ. ನೀವು ಹತ್ತಿ ಓಡಾಡ್ತೀರಂದ್ರ ನೋಡ್ರಿ.” ಮರಾಠಿಯ ಭಂಗಾರವೆಂದರೆ ಗುಜರಿ. ಮಹಾಪ್ರಾಣವೊಂದನ್ನು ಕಳೆದರೆ ಕನ್ನಡದಲ್ಲಿ ಅದೇ ಚಿನ್ನ. ಗಡಿಯ ಮಕ್ಕಳಿಗೆ ಇದು ಹಳೆಯ ನಗೆಚಾಟಿಕೆ; ಮಾಸ್ತರರು ನಕ್ಕು ಕೆಲಸಕ್ಕೆ ತೊಡಗಿದರು.

ಜೊತೆಗೆ ಬಂದಿದ್ದ ಮಿಸ್ತ್ರಿ ಸೀಮೆಎಣ್ಣೆಯ ಬಟ್ಟೆಯಿಂದ ಚಾಸಿಯನ್ನು ಒರಸಿ, ಕೊರೆದ ಅಂಕಿಗಳನ್ನು ಆರ್‌ಸಿ ಪುಸ್ತಕದೊಡನೆ ಒಂದೊಂದಾಗಿ ತಾಳೆ ನೋಡಿದನು. ಎಂಜಿನ್ನಿನ ನಂಬರೂ ಹೊಂದಿತು. ಟಾಕಿಯೊಳಗೆ ಬ್ಯಾಟರಿ ಬೆಳಕು ಬಿಟ್ಟರೆ ತಳವೆಲ್ಲ ತುಕ್ಕು. ಕಿಕ್ಕನ್ನು ಕೈಯಿಂದಲೇ ಒತ್ತಿ ನೋಡಿದಾಗ ಅದು ಎದುರು ಒತ್ತಿತು. “ಒಳಗ ಜೀವ ಐತ್ರಿ” ಎಂದನು ಮಿಸ್ತ್ರಿ. ಆರು ಸಾವಿರಕ್ಕೆ ಮಾತು ಮುಗಿಯಿತು.

ಮಾತು ಮುಗಿಯಿತೇ ಹೊರತು ವ್ಯವಹಾರ ಮುಗಿಯಲಿಲ್ಲ. ಆರ್‌ಸಿ ಇದ್ದದ್ದು ತೀರಿಹೋದವರ ಹೆಸರಿನಲ್ಲಿ. ಇಂತಹ ಗಾಡಿಗಳನ್ನು ನಮ್ಮ ಕಡೆ ಹಾಗೆಯೇ ಕೈ ಬದಲಾಯಿಸುವುದು ವಾಡಿಕೆ. ಪುಸ್ತಕ ಜೇಬಿನಲ್ಲಿದ್ದರೆ ಸಾಕೆಂದು ತಿಳಿಯುತ್ತಾರೆ. ಆದರೆ ನಾಳೆ ಅಪಘಾತವಾದರೆ ಪರಿಹಾರದ ನೋಟೀಸು ಹೋಗುವುದು ನೋಂದಾಯಿತ ಮಾಲೀಕರ ಮನೆಗೆ. ಗಂಡನಿಲ್ಲದ ಮನೆಗೆ ಅಂತಹ ಕಾಗದ ಹೋಗಬಾರದೆಂದು ಮಾಸ್ತರರು ಹಟ ಹಿಡಿದರು. ಮೊದಲು ಮರಣ ಪ್ರಮಾಣಪತ್ರದೊಡನೆ 31ನೆಯ ನಮೂನೆ ಕೊಟ್ಟು ಗಾಡಿಯು ಆಕೆಯ ಹೆಸರಿಗಾಯಿತು. ಬಳಿಕ ಜಿಲ್ಲೆ ಬೇರೆಯಾದ್ದರಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ, ಆಮೇಲೆ 29 ಮತ್ತು 30. ಸೊಲ್ಲಾಪುರಕ್ಕೆ ಮೂರು ಸಲ, ಸಾಂಗಲಿಗೆ ಎರಡು ಸಲ ಓಡಾಡಿದ ಖರ್ಚು ಸಣ್ಣದಲ್ಲ. ಮಾಸ್ತರರ ಮನೆಯಾಕೆ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟರು. ಯಾರಾದರೂ ಕೇಳಿದರೆ ಈಗಲೂ ತೆಗೆದು ತೋರಿಸುತ್ತಾರೆ.

ಅಪರೂಪದ ಗಾಡಿಯನ್ನು ಸಾಕುವುದರ ಗುಟ್ಟು, ಅದರ ಬಂಧುಗಳು ಯಾರೆಂದು ತಿಳಿಯುವುದರಲ್ಲಿದೆ. ಎಂಡ್ಯೂರೊದ ನಾಲ್ಕು ಸ್ಟ್ರೋಕಿನ ಎಂಜಿನ್ ಅದೇ ಕಂಪನಿಯ ಫೋರ್-ಎಸ್ ಬೈಕುಗಳ ವಂಶದ್ದು. ಆದ್ದರಿಂದ ಪಿಸ್ಟನ್ ರಿಂಗಿಗೋ ಕ್ಲಚ್ ಪ್ಲೇಟಿಗೋ ಮಾಸ್ತರರು ಎಂದೂ ಕಂಗಾಲಾಗಲಿಲ್ಲ. ಯಾವುದು ಯಾವುದಕ್ಕೆ ಹೊಂದುತ್ತದೆ ಎಂಬುದು ಮಿಸ್ತ್ರಿಯ ಬೆರಳುಗಳಿಗೆ ತಿಳಿದಿತ್ತು. ಕಷ್ಟವೆಲ್ಲ ಮೈಗೆ ಸಂಬಂಧಿಸಿದ್ದು. ಪಕ್ಕದ ಪ್ಯಾನೆಲ್ಲುಗಳು ಮತ್ತು ಆ ಕೊಕ್ಕಿನ ಮಡ್‌ಗಾರ್ಡು ಆ ಗಾಡಿಗೆಂದೇ ಅಚ್ಚಾದ ಪ್ಲಾಸ್ಟಿಕ್ಕು. ಒಮ್ಮೆ ಒಡೆದರೆ ಹೊಸದಿಲ್ಲ. ಮೊದಲ ಮಳೆಗಾಲದಲ್ಲೇ ಮಡ್‌ಗಾರ್ಡು ಬಿರುಕುಬಿಟ್ಟಿತು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅದೇ ಅಳತೆಯ ಪತ್ರೆಯ ಮಡ್‌ಗಾರ್ಡು ತಯಾರಾಯಿತು. ಚೆಲುವೇನೂ ಇರಲಿಲ್ಲ, ಮಣ್ಣು ಮಾತ್ರ ಸಲೀಸಾಗಿ ಉದುರುತ್ತಿತ್ತು.

ಕೆಲವು ವರ್ಷಗಳ ಬಳಿಕ ಮಿರಜದಲ್ಲಿ ಹಳೆಯ ಬಿಡಿಭಾಗಗಳ ಅಂಗಡಿಯೊಂದು ಬಾಗಿಲು ಮುಚ್ಚುವಾಗ ಎರಡು ಅಸಲಿ ಮಡ್‌ಗಾರ್ಡುಗಳೂ ಒಂದು ಜೊತೆ ಪ್ಯಾನೆಲ್ಲುಗಳೂ ಮರಾಠಿ ಪತ್ರಿಕೆಯಲ್ಲಿ ಸುತ್ತಿದಂತೆಯೇ ದೊರೆತವು. ಮಾಸ್ತರರು ಆರುನೂರು ರೂಪಾಯಿ ತೆತ್ತು ತಂದು ಮಂಚದ ಕೆಳಗೆ ಇಟ್ಟರು. ಹಾಕಲು ಮನಸ್ಸು ಬರಲಿಲ್ಲ. ಮಳೆಗಾಲದಲ್ಲಿ ಒಡೆದೀತು ಎನ್ನುವರು, ಬೇಸಿಗೆಯಲ್ಲಿ ಅದರ ಅಗತ್ಯವೇನು ಎನ್ನುವರು. “ಹಾಕೂದಿಲ್ಲ, ಕೊಡೂದಿಲ್ಲ. ದಸರಾಕ್ಕ ಪೂಜಾ ಮಾಡಾಕ ಇಟ್ಟೀರೇನ್ರಿ?” ಎಂದು ಮನೆಯಾಕೆ ಕಸ ಗುಡಿಸುವಾಗಲೆಲ್ಲ ಕೇಳುತ್ತಿದ್ದರು.

ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳಿಗೆ ಪಟಸಂಖ್ಯೆ ಎಂಬ ಮಾತಿನ ಭಾರವನ್ನು ವಿವರಿಸಬೇಕಾಗಿಲ್ಲ. ಸಪ್ಟೆಂಬರ್ 30ರ ಪಟವನ್ನು ನೋಡಿ ಶಿಕ್ಷಕರ ಹುದ್ದೆಗಳು ನಿಲ್ಲುತ್ತವೆ ಅಥವಾ ಹೋಗುತ್ತವೆ. ಜತ್ತದ ಬರಡು ನೆಲಕ್ಕೆ ನಾಲ್ಕು ಹನಿ ಒಳ್ಳೆಯ ಮಳೆ ಬೀಳುವುದೂ ಆ ತಿಂಗಳಲ್ಲೇ. ಶಾಲೆಯ ಅರ್ಧ ಮಕ್ಕಳು ಊರೊಳಗಿನವರಲ್ಲ, ಹೊಲದ ವಸ್ತಿಗಳವರು. ಹಳ್ಳ ಬಂದರೆ ಅವರು ಬರುವುದಿಲ್ಲ. ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯಲು ಹೊರಡುವ ತಂದೆತಾಯಿಗಳು ಇನ್ನೇಕೆ ಎರಡು ವಾರದ ಶಾಲೆ ಎಂದು ಆಗಲೇ ಮಕ್ಕಳನ್ನು ಬಿಡಿಸಿಬಿಡುತ್ತಾರೆ. ಮಾಸ್ತರರು ಹೋಗಬೇಕಾದದ್ದು ಅಂತಹ ವಸ್ತಿಗಳಿಗೆ. ಪಾಲಕರನ್ನು ಕಂಡು, ಅಜ್ಜಿಯ ಬಳಿ ಮಗುವನ್ನು ಬಿಟ್ಟುಹೋಗುವಂತೆ ಒಪ್ಪಿಸಿ, ಬರುವಾಗ ಒಂದಿಬ್ಬರನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದರು. ಪುಣೆಯ ಬಾಲಭಾರತಿ ಅಚ್ಚುಹಾಕಿಸಿದ ಕನ್ನಡ ಪಠ್ಯಪುಸ್ತಕಗಳ ಗಂಟೂ ಅದೇ ಗಾಡಿಯ ಮೇಲೆ ಶಾಲೆ ಸೇರುತ್ತಿತ್ತು. ಕಾಗದದ ಮೇಲೆ ಪಟ ತುಂಬಿಸುವುದು ಸುಲಭದ ದಾರಿ. ಹದಿನೈದು ವರ್ಷ ಅವರು ಕೆಸರಿನ ದಾರಿಯಲ್ಲೇ ಹೋದರು.

ಕಾನೂನಿನ ದೃಷ್ಟಿಯಲ್ಲಿ ಈ ಗಾಡಿಯದು ಎರಡೂ ಅಲ್ಲದ ವಯಸ್ಸು. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನವು ವಿಂಟೇಜ್ ಎನಿಸುತ್ತದೆ. ಅದಕ್ಕೆ ‘ವಿಎ’ ಅಕ್ಷರಗಳ ಪ್ರತ್ಯೇಕ ಫಲಕ, 20,000 ರೂಪಾಯಿ ನೋಂದಣಿ ಶುಲ್ಕ. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಷ್ಟು ವಯಸ್ಸಾಗದ ಗಾಡಿ ಬರಿಯ ಹಳೆಯದು. ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ, ಮೇಲೆ ಹಸಿರು ತೆರಿಗೆ. ಬೈಕಿನ ನವೀಕರಣ ಶುಲ್ಕವು 2022ರಲ್ಲಿ 300ರಿಂದ 1,000ಕ್ಕೆ, 20 ವರ್ಷ ದಾಟಿದವಕ್ಕೆ 2025ರಲ್ಲಿ 2,000ಕ್ಕೆ ಏರಿತು.

ಆ ವರ್ಷವೇ ಬೆಂಗಳೂರಿನ ಸಂಗ್ರಾಹಕರೊಬ್ಬರು ಮಿಸ್ತ್ರಿಯ ಮೂಲಕ ಸುದ್ದಿ ತಿಳಿದು ಕಾರಿನಲ್ಲಿ ಬಂದರು. ಸಜ್ಜನರು. ಗಾಡಿಯ ಸುತ್ತ ಮಂಡಿಯೂರಿ ಅರ್ಧ ತಾಸು ನೋಡಿದರು. “ಸರ್, ಇದನ್ನ ಇನ್ನು ಮಣ್ಣಿನಲ್ಲಿ ಓಡಿಸಬೇಡಿ, ದಯವಿಟ್ಟು” ಎಂದು ನಿಜವಾದ ನೋವಿನಿಂದಲೇ ಹೇಳಿದರು. ಎಂಬತ್ತೈದು ಸಾವಿರ ಕೊಡಲು ಸಿದ್ಧರಿದ್ದರು.

ಮಾಸ್ತರರ ಮಗಳು ಆಗಷ್ಟೇ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ್ದಳು. ವಿಜ್ಞಾನ ಓದಲು ವಿಜಯಪುರಕ್ಕೆ ಹೋಗಬೇಕೆಂಬುದು ಅವಳ ಆಸೆ. ಹಾಸ್ಟೆಲಿನ ಶುಲ್ಕ, ಪುಸ್ತಕ, ಇಂಗ್ಲಿಷಿನ ಮನೆಪಾಠ ಎಂದು ಖರ್ಚುಗಳ ಪಟ್ಟಿ ಬೆಳೆದಿತ್ತು. ಆ ರಾತ್ರಿ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಮನೆಯಾಕೆ ಕ್ಯಾಲೆಂಡರನ್ನು ತೆಗೆಯಲಿಲ್ಲ. ಕೊನೆಗೆ ಮಗಳೇ ಕೇಳಿದಳು: “ಮಾರಬ್ಯಾಡ್ರಿ ಅಂತ ನಾ ಹೇಳಂಗಿಲ್ಲ ಅಪ್ಪಾ. ಆದ್ರ ಸಪ್ಟೆಂಬರ್‌ದಾಗ ವಸ್ತಿಗೆ ಹೆಂಗ ಹೋಗ್ತೀರಿ, ಅದನ್ನ ಹೇಳ್ರಿ.”

ಮರುದಿನ ಮಾಸ್ತರರು ಸಂಗ್ರಾಹಕರಿಗೆ ಫೋನು ಮಾಡಿ ಮಂಚದ ಕೆಳಗಿನ ಗಂಟಿನ ವಿಷಯ ತಿಳಿಸಿದರು. ಅವರಲ್ಲಿ ಆಗಲೇ ಒಂದು ಎಂಡ್ಯೂರೊ ಇತ್ತು. ಓಡುತ್ತಿತ್ತು, ಮೈ ಮಾತ್ರ ಒಡೆದಿತ್ತು. ಎರಡು ಮಡ್‌ಗಾರ್ಡು, ಒಂದು ಜೊತೆ ಪ್ಯಾನೆಲ್ಲು, ಎಲ್ಲ ಸೇರಿ ಇಪ್ಪತ್ತೆರಡು ಸಾವಿರ. ಎಂಬತ್ತೈದರ ಮುಂದೆ ಅದು ಕಾಲುಭಾಗ. ಉಳಿದದ್ದನ್ನು ಶಿಕ್ಷಕರ ಸಹಕಾರಿ ಪತ್ತಿನ ಸಂಘದಿಂದ ಸಾಲ ತೆಗೆಯಲಾಯಿತು. ಕಂತು ಪ್ರತಿ ತಿಂಗಳು ಪಗಾರದಲ್ಲಿ ಮುರಿಯುತ್ತದೆ. ಇದು ಜಾಣ ವ್ಯವಹಾರವಲ್ಲವೆಂದು ಮನೆಯಾಕೆಯ ಅಣ್ಣ ಇಂದಿಗೂ ಹೇಳುತ್ತಾರೆ, ಲೆಕ್ಕದ ಮಟ್ಟಿಗೆ ಅವರ ಮಾತು ಸರಿಯೇ.

ಜೂನ್‌ನಲ್ಲಿ ಮಗಳು ಹಾಸ್ಟೆಲು ಸೇರಿದಳು. ಟ್ರಂಕು ಹಿಡಿಯಲಾರದೆಂದು ಅವಳು ಬಸ್ಸಿನಲ್ಲಿ ಹೋದಳು. ಸಂಗ್ರಾಹಕರು ತಮ್ಮ ಗಾಡಿಗೆ ಹೊಸ ಕೊಕ್ಕು ಕೂರಿಸಿದ ಚಿತ್ರವನ್ನು ಕಳುಹಿಸಿದರು. ಮಿಸ್ತ್ರಿ ಅದನ್ನು ದೊಡ್ಡದು ಮಾಡಿ ನೋಡಿ, ಬೋಲ್ಟು ಸರಿಯಾಗಿ ಕೂತಿಲ್ಲವೆಂದನು. ಇತ್ತ ಪತ್ರೆಯ ಮಡ್‌ಗಾರ್ಡಿನ ಅಂಚು ಮತ್ತೆ ತುಕ್ಕು ಹಿಡಿದಿದೆ. 2027ರ ತಪಾಸಣೆಗೆ ಮೊದಲು ಅದಕ್ಕೊಂದು ಕೈ ರೆಡ್ ಆಕ್ಸೈಡ್ ಬಳಿಯಬೇಕು, ಚೈನು ಸ್ಪ್ರಾಕೆಟ್ಟು ಬದಲಿಸಬೇಕು.